ಹದಿಮೂರನೆಯ ಸುತ್ತು

ಬೇರೆ ಬೇರೆ ಕಾಲದ ಇಬ್ಬರು ಜಟ್ಟಿಗಳನ್ನು ಕಲ್ಪನೆಯ ಅಖಾಡಕ್ಕೆ ಇಳಿಸಿ, ಇವರಲ್ಲಿ ಗೆಲ್ಲುತ್ತಿದ್ದವರು ಯಾರು ಎಂದು ವಾದಕ್ಕೆ ಕೂರುವ ಚಪಲ ಹೊಸದಲ್ಲ. ಮಹಾಭಾರತದ ಅರಣ್ಯಪರ್ವದಲ್ಲಿಯೇ ಅದರದೊಂದು ಮಾದರಿಯಿದೆ. ದ್ರೌಪದಿಗಾಗಿ ಸೌಗಂಧಿಕಾ ಪುಷ್ಪವನ್ನು ಅರಸಿ ಹೊರಟ ದ್ವಾಪರದ ಭೀಮಸೇನನಿಗೆ ದಾರಿಯಲ್ಲಿ ಅಡ್ಡ ಮಲಗಿದ್ದವನು ತ್ರೇತಾಯುಗದ ಹನುಮಂತ. ಮುದಿಕೋತಿಯೆಂದು ಬಗೆದು ಬಾಲವನ್ನು ಎತ್ತಿ ಸರಿಸಹೋದ ಭೀಮ, ಎರಡೂ ಕೈ ಹಾಕಿದರೂ ಅದನ್ನು ಅಲುಗಿಸಲಾರದೆ ಬೆವತು ನಿಂತ. ಈ ಪಂದ್ಯದ ತೀರ್ಪುಗಾರ ಕವಿ. ಯುಗದಿಂದ ಯುಗಕ್ಕೆ ಬಲ ಕುಗ್ಗುತ್ತ ಬರುತ್ತದೆಂದು ಮೊದಲೇ ನಂಬಿದವನು ಬೇರೆ ತೀರ್ಪು ಕೊಡುವುದಾದರೂ ಹೇಗೆ?

ಅಮೆರಿಕದಲ್ಲಿ 1967ರಲ್ಲಿ ಇದೇ ಕೆಲಸವನ್ನು ಕವಿಯ ಕೈಯಿಂದ ತೆಗೆದು ಗಣಕಯಂತ್ರಕ್ಕೆ ಒಪ್ಪಿಸಿದರು. ಅದರ ಫಲವಾಗಿ ಹುಟ್ಟಿದ ‘ದಿ ಸೂಪರ್ ಫೈಟ್’ ಎಂಬ ಚಲಚ್ಚಿತ್ರ 1970ರಲ್ಲಿ ತೆರೆಕಂಡಿತು. ಬಹುಕಾಲ ಕಣ್ಮರೆಯಾಗಿದ್ದ ಅದು ಈಗ ಬೇಕೆಂದವರಿಗೆ ನೋಡಲು ಸಿಗುತ್ತದೆ. ರಾಕಿ ಮಾರ್ಸಿಯಾನೋ ಮತ್ತು ಮುಹಮ್ಮದ್ ಅಲಿ, ಹೆವಿವೇಟ್ ಮುಷ್ಟಿಯುದ್ಧದ ಇಬ್ಬರು ಜಗಜ್ಜಟ್ಟಿಗಳು, ಇದರಲ್ಲಿ ಪರಸ್ಪರ ಹೊಡೆದಾಡುತ್ತಾರೆ. ಹೊಡೆದಾಡುವಂತೆ ನಟಿಸುತ್ತಾರೆ ಎನ್ನುವುದು ಸರಿ. ಚಿತ್ರವಾಗಿ ಇದು ಒಳ್ಳೆಯದೇನಲ್ಲ. ಆದರೆ ವಿಮರ್ಶಕನಿಗೆ ಇಷ್ಟೊಂದು ಮೇವು ಒದಗಿಸುವ ಕೆಟ್ಟ ಚಿತ್ರಗಳು ಅಪರೂಪವಾದ್ದರಿಂದ ನಾವು ಈ ಸಲ ಅದನ್ನೇ ಎತ್ತಿಕೊಂಡಿದ್ದೇವೆ.

ಮೊದಲು ಅದರ ಹಿನ್ನೆಲೆ. ಮಯಾಮಿ ನಗರದ ಮರ್ರೆ ವೊರೋನರ್ ಎಂಬ ರೇಡಿಯೋ ನಿರ್ಮಾಪಕನಿಗೆ ಒಂದು ಉಪಾಯ ಹೊಳೆಯಿತು. ಎಲ್ಲ ಕಾಲದ ಹದಿನಾರು ಮಂದಿ ಹೆವಿವೇಟ್ ವೀರರನ್ನು ಆರಿಸಿ, ಅವರವರ ಉಚ್ಛ್ರಾಯದ ದಿನಗಳ ವಿವರಗಳನ್ನು ಯಂತ್ರಕ್ಕೆ ಉಣಿಸಿ, ಅದು ಹೇಳಿದ ಫಲಿತಾಂಶವನ್ನು ನೇರ ವೀಕ್ಷಕವಿವರಣೆಯ ಧಾಟಿಯಲ್ಲಿ ಬಾನುಲಿಯಲ್ಲಿ ಬಿತ್ತರಿಸುವುದು. ಯಾರು ಯಾರು ಬೇಕೆಂದು ತಿಳಿಯಲು 250 ಮಂದಿ ಮುಷ್ಟಿಯುದ್ಧದ ಬರಹಗಾರರನ್ನೂ ಪರಿಣತರನ್ನೂ ಕೇಳಲಾಯಿತು. ಯಂತ್ರ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಯ 315 ಎಂಬ ಮಾದರಿ. ಅಂಗಡಿಗಳ ಗಲ್ಲಾಪೆಟ್ಟಿಗೆಯಿಂದ ಹೆಸರಾದ ಕಂಪನಿ ಅದು. ಈ ಸಾಹಸಕ್ಕೆ ಅದಕ್ಕಿಂತ ತಕ್ಕ ಹೆಸರು ಹುಡುಕಿದರೂ ಸಿಗುತ್ತಿರಲಿಲ್ಲ! ವಾರ ವಾರ ಜನ ರೇಡಿಯೋ ಮುಂದೆ ಕುಳಿತು ಕೇಳಿದರು. 1967ರ ಡಿಸೆಂಬರಿನಲ್ಲಿ ಅಂತಿಮ ಪಂದ್ಯ ನಡೆದು, ಮಾರ್ಸಿಯಾನೋ ಜ್ಯಾಕ್ ಡೆಂಪ್ಸಿಯನ್ನು ಹದಿಮೂರನೆಯ ಸುತ್ತಿನಲ್ಲಿ ಕೆಡವಿ ಸರ್ವಕಾಲದ ಶ್ರೇಷ್ಠನೆನಿಸಿದ. ವಾಚಕರು ಈ ಹದಿಮೂರನ್ನು ನೆನಪಿನಲ್ಲಿಟ್ಟಿರಬೇಕು.

ಅಲಿ ಎಂಟರ ಘಟ್ಟದಲ್ಲೇ ಸೋತಿದ್ದ. ಅವನನ್ನು ಸೋಲಿಸಿದವನು ಜಿಮ್ ಜೆಫ್ರೀಸ್, 1899ರಲ್ಲಿ ಪಟ್ಟಕ್ಕೇರಿದವನು. ಅಲಿಗೆ ಇದು ಸಣ್ಣ ಮಾತಾಗಿರಲಿಲ್ಲ. ವಿಯೆಟ್ನಾಂ ಯುದ್ಧಕ್ಕೆ ಹೋಗಲೊಲ್ಲೆನೆಂದು 1967ರ ಏಪ್ರಿಲ್ 28ರಂದು ಸೇನಾಭರ್ತಿಯನ್ನು ನಿರಾಕರಿಸಿದವನ ಪಟ್ಟವನ್ನೂ ಆಡುವ ಪರವಾನಗಿಯನ್ನೂ ಕಿತ್ತುಕೊಂಡಿದ್ದರು. ಇಪ್ಪತ್ತೊಂಬತ್ತು ಪಂದ್ಯಗಳಲ್ಲಿ ಒಂದನ್ನೂ ಸೋಲದವನಿಗೆ ನಿಜವಾದ ರಿಂಗಿನ ಬಾಗಿಲು ಮುಚ್ಚಿತ್ತು. ಸುಳ್ಳು ರಿಂಗಿನಲ್ಲಿ ಮಾತ್ರ ಅವನ ಅಪ್ಪಣೆ ಕೇಳದೆ ಅವನನ್ನು ಇಳಿಸಿ ಸೋಲಿಸಿದ್ದರು. ತನ್ನ ಹೆಸರು ಕೆಟ್ಟಿತೆಂದು ಅವನು ಹತ್ತು ಲಕ್ಷ ಡಾಲರಿನ ದಾವೆ ಹೂಡಿದ. ವೊರೋನರ್ ಜಾಣ. ಹತ್ತು ಸಾವಿರ ಡಾಲರು ಕೊಡುತ್ತೇನೆ, ಮಾರ್ಸಿಯಾನೋ ಜತೆ ಇಂಥದೇ ಒಂದು ಪಂದ್ಯವನ್ನು ಚಿತ್ರೀಕರಿಸೋಣ ಎಂದ. ಲಾಭದಲ್ಲಿ ಪಾಲು ಸಿಗುವುದಾದರೆ ಆಗಲಿ ಎಂದು ಅಲಿ ಒಪ್ಪಿದ. ಮಾರ್ಸಿಯಾನೋ ಒಪ್ಪಿದ್ದೂ ಅಂಥದೇ ಕರಾರಿಗೆ. ದಾವೆ ಹೂಡಿದವನನ್ನು ಕೂಲಿಗೆ ಕರೆದು ಮೊಕದ್ದಮೆ ಮುಗಿಸಿದ ಈ ರೀತಿಯನ್ನು ನಮ್ಮ ವಕೀಲ ಮಿತ್ರರು ಮೆಚ್ಚಬಹುದು.

1969ರಲ್ಲಿ ಮಯಾಮಿಯ ಒಂದು ಸ್ಟುಡಿಯೋದಲ್ಲಿ, ಪ್ರೇಕ್ಷಕರಿಲ್ಲದೆ, ಗುಟ್ಟಾಗಿ ಚಿತ್ರೀಕರಣ ನಡೆಯಿತು. ಮಾರ್ಸಿಯಾನೋಗೆ ಆಗ ನಲವತ್ತೈದು ವರ್ಷ. ರಿಂಗು ಬಿಟ್ಟು ಹದಿಮೂರು ವರ್ಷ. ಐವತ್ತು ಪೌಂಡಿನಷ್ಟು ಮೈ ಇಳಿಸಿ, ಬೋಳಾಗುತ್ತಿದ್ದ ತಲೆಗೆ ಟೋಪನ್ನು ಅಂಟಿಸಿಕೊಂಡು ಬಂದ. ಅಲಿಯ ಸೊಂಟದಲ್ಲೂ ಬಿಡುವಿನ ದಿನಗಳ ಕೊಬ್ಬು ಕಾಣುತ್ತದೆ. ಒಂದೊಂದು ನಿಮಿಷದ ಎಪ್ಪತ್ತಕ್ಕೂ ಹೆಚ್ಚು ಸುತ್ತುಗಳನ್ನು ಆಡಿಸಿದರು. ಒಬ್ಬ ಬೀಳುವುದು, ಇನ್ನೊಬ್ಬ ಬೀಳುವುದು, ಗಾಯವಾಗಿ ಪಂದ್ಯ ನಿಲ್ಲುವುದು, ಹೀಗೆ ಹಲವು ಮುಕ್ತಾಯಗಳನ್ನೂ ತೆಗೆದಿಟ್ಟುಕೊಂಡರು. ಯಾವುದು ‘ನಿಜ’ ಎಂಬುದನ್ನು ಇಬ್ಬರಿಗೂ ಹೇಳಲಿಲ್ಲ.

ಚಿತ್ರದಲ್ಲಿ ನೋಡತಕ್ಕದ್ದು ಏನಾದರೂ ಇದ್ದರೆ ಅದು ಈ ಮಧ್ಯದ ಸುತ್ತುಗಳಲ್ಲಿದೆ. ಮುಖಕ್ಕೆ ಬೀಸುವ ಪೆಟ್ಟುಗಳೆಲ್ಲ ಹುಸಿ. ಕೈ ಅರ್ಧ ದಾರಿಯಲ್ಲೇ ಸೋಲುವುದು ಮಕ್ಕಳಿಗೂ ಕಾಣುತ್ತದೆ. ಹಿನ್ನೆಲೆಯ ಜನರ ಗದ್ದಲ ಆಮೇಲೆ ತುರುಕಿದ್ದು. ನೆತ್ತರಂತೂ ನಮ್ಮ ಕಂಪನಿ ನಾಟಕಗಳ ಕುಂಕುಮದ ನೀರಿಗಿಂತ ಕೀಳು. ಆದರೆ ಪಕ್ಕೆಗೂ ತೋಳಿಗೂ ಬೀಳುವ ಕೆಲವು ಪೆಟ್ಟುಗಳಲ್ಲಿ ನಟನೆ ಮರೆತುಹೋಗಿರುವುದು ಕಾಣುತ್ತದೆ. ಮಾರ್ಸಿಯಾನೋ ತಲೆ ತಗ್ಗಿಸಿ, ಗೂಳಿಯಂತೆ ಒಳನುಗ್ಗಿ, ಎದುರಾಳಿಯ ಎದೆಗೆ ಹಣೆಯಾನಿಸಿ ಗುದ್ದುವಾಗ, ವಯಸ್ಸು ಐದಾರು ಕ್ಷಣ ಅವನನ್ನು ಬಿಟ್ಟು ಹೋಗುತ್ತದೆ. ಅಲಿ ಎಡಗೈಯನ್ನು ಸರ್ಪದ ನಾಲಗೆಯಂತೆ ಆಡಿಸುತ್ತ ವೃತ್ತಾಕಾರವಾಗಿ ಸರಿಯುವಾಗಲೂ ಅಷ್ಟೆ. ದುಡ್ಡಿಗಾಗಿ ಬಂದ ಇಬ್ಬರು ಕಸುಬುದಾರರಿಗೆ ತಮ್ಮ ಕಸುಬು ನೆನಪಾಗುವ ಆ ಕ್ಷಣಗಳನ್ನು ಯಾವ ಯಂತ್ರವೂ ಬರೆದುಕೊಟ್ಟಿರಲಿಲ್ಲ.

ಚಿತ್ರೀಕರಣ ಮುಗಿದ ಕೆಲವೇ ವಾರಗಳಲ್ಲಿ, 1969ರ ಆಗಸ್ಟ್ 31ರಂದು, ಅಯೋವ ರಾಜ್ಯದಲ್ಲಿ ಸಣ್ಣ ವಿಮಾನವೊಂದು ಬಿದ್ದು ಮಾರ್ಸಿಯಾನೋ ಸತ್ತ. ಮರುದಿನ ಅವನಿಗೆ ನಲವತ್ತಾರು ತುಂಬುತ್ತಿತ್ತು. ಚಿತ್ರ ತೆರೆಕಂಡದ್ದು 1970ರ ಜನವರಿ 20ರಂದು, ಸುಮಾರು 1,500 ಚಿತ್ರಮಂದಿರಗಳಲ್ಲಿ, ಒಂದೇ ರಾತ್ರಿಯ ಆಟವಾಗಿ. ಅಲ್ಲಿ ಮಾರ್ಸಿಯಾನೋ ಅಲಿಯನ್ನು ಕೆಡವಿದ. ಎಷ್ಟನೆಯ ಸುತ್ತಿನಲ್ಲಿ? ಹದಿಮೂರನೆಯದರಲ್ಲಿ. ಆ ಕಂಪ್ಯೂಟರನ್ನು ಅಲಬಾಮದಲ್ಲಿ ತಯಾರಿಸಿರಬೇಕು ಎಂದು ಅಲಿ ನಕ್ಕು ನುಡಿದನಂತೆ. ಅಲಬಾಮ ಎಂದರೆ ಕರಿಯರನ್ನು ಬಿಳಿಯರ ಬಸ್ಸಿನ ಸೀಟಿನಲ್ಲಿ ಕೂರಗೊಡದ ಸೀಮೆ ಎಂಬುದನ್ನು ನೆನೆದರೆ ಆ ನಗೆಯೊಳಗಿನ ಕಹಿ ಅರ್ಥವಾದೀತು.

ಈಗ ಈ ಹದಿಮೂರರ ವಿಚಾರಕ್ಕೆ ಬರೋಣ. 1952ರ ಸೆಪ್ಟೆಂಬರ್ 23ರಂದು ಫಿಲಡೆಲ್ಫಿಯಾದಲ್ಲಿ ಮಾರ್ಸಿಯಾನೋ ಜಗಜ್ಜಟ್ಟಿಯಾದ. ಎದುರಾಳಿ ಜರ್ಸಿ ಜೋ ವಾಲ್ಕಾಟ್. ಮೊದಲ ಸುತ್ತಿನಲ್ಲೇ ಮಾರ್ಸಿಯಾನೋ ನೆಲಕ್ಕೆ ಬಿದ್ದಿದ್ದ. ಹನ್ನೆರಡು ಸುತ್ತು ಮುಗಿಯುವಾಗ ಪಾಯಿಂಟುಗಳಲ್ಲಿ ಸ್ಪಷ್ಟವಾಗಿ ಹಿಂದಿದ್ದ. ಹದಿಮೂರನೆಯ ಸುತ್ತಿನ ಮೊದಲ ನಿಮಿಷದಲ್ಲಿ, ಹಗ್ಗಕ್ಕೆ ಆತು ನಿಂತ ವಾಲ್ಕಾಟನ ದವಡೆಗೆ ಒಂದೇ ಒಂದು ಬಲಗೈ ಗುದ್ದು. ವಾಲ್ಕಾಟ್ ಹಗ್ಗಕ್ಕೆ ತೋಳು ಸಿಕ್ಕಿಸಿಕೊಂಡು ಮೆಲ್ಲನೆ ಜಾರಿ ಮಂಡಿಯೂರಿದ. ಮುಷ್ಟಿಯುದ್ಧದ ಚರಿತ್ರೆಯಲ್ಲಿ ಅತ್ಯಂತ ಹೆಸರಾದ ಪೆಟ್ಟುಗಳಲ್ಲಿ ಅದೊಂದು.

ಯಂತ್ರ ಹೊಸದೇನನ್ನೂ ಲೆಕ್ಕ ಹಾಕಿಲ್ಲವೆಂಬುದು ನಮ್ಮ ಆರೋಪ. 1952ರಲ್ಲಿ ವಾಲ್ಕಾಟ್ ಬಿದ್ದ ಜಾಗದಲ್ಲಿ 1967ರಲ್ಲಿ ಡೆಂಪ್ಸಿಯನ್ನು ಬೀಳಿಸಿದರು, 1970ರಲ್ಲಿ ಅಲಿಯನ್ನು. ಜನರ ಮನಸ್ಸಿನಲ್ಲಿ ಆಗಲೇ ಅಚ್ಚೊತ್ತಿದ್ದ ಒಂದು ಚಿತ್ರವನ್ನು ಮೂರನೆಯ ಸಲ ತೋರಿಸಿದರು, ಅಷ್ಟೆ. ಹಿಂದೆ ಬಿದ್ದು, ರಕ್ತ ಸುರಿಸಿ, ಕೊನೆಗೆ ಒಂದೇ ಪೆಟ್ಟಿನಲ್ಲಿ ಗೆಲ್ಲುವುದೇ ಮಾರ್ಸಿಯಾನೋನ ಕಥೆ. ಅಂಕಿಗಳನ್ನು ತುಂಬಿದವರ ತಲೆಯಲ್ಲಿ ಈ ಕಥೆ ಇತ್ತು. ಒಬ್ಬನ ಎದೆಗಾರಿಕೆಗೆ ಇಷ್ಟು ಅಂಕ, ಛಲಕ್ಕೆ ಇಷ್ಟು, ಪೆಟ್ಟು ತಿನ್ನುವ ಶಕ್ತಿಗೆ ಇಷ್ಟು ಎಂದು ಕೊಟ್ಟವರು ಮನುಷ್ಯರೇ ತಾನೆ? ಪಾತ್ರೆ ಎಷ್ಟೇ ಹೊಸದಿರಲಿ, ಹುಣಿಸೆಹಣ್ಣು ಹಾಕಿ ಕುದಿಸಿದರೆ ಬರುವುದು ಹುಳಿಯೇ.

ಹಾಗಾದರೆ ಇದೆಲ್ಲ ಬರೀ ವರ್ಣದ್ವೇಷವೇ? ಅಷ್ಟು ಸರಳವಾಗಿ ಮುಗಿಸಲು ನಾವು ಸಿದ್ಧರಿಲ್ಲ. ‘ದಿ ರಿಂಗ್’ ಪತ್ರಿಕೆಯನ್ನು 1922ರಲ್ಲಿ ಆರಂಭಿಸಿದ ನ್ಯಾಟ್ ಫ್ಲೈಷರ್, ಈ ಕ್ಷೇತ್ರದ ಭೀಷ್ಮನೆನಿಸಿದ್ದವನು, 1958ರಲ್ಲಿ ಹೆವಿವೇಟ್ ಶ್ರೇಷ್ಠರ ಪಟ್ಟಿಯೊಂದನ್ನು ಪ್ರಕಟಿಸಿದ. ಅದರಲ್ಲಿ ಮೊದಲನೆಯವನು ಕರಿಯ ಜ್ಯಾಕ್ ಜಾನ್ಸನ್. ಎರಡನೆಯವನು ಜೆಫ್ರೀಸ್, ಮೂರನೆಯವನು ಫಿಟ್ಸಿಮನ್ಸ್, ಆಮೇಲೆ ಡೆಂಪ್ಸಿ, ಕಾರ್ಬೆಟ್. ಜೋ ಲೂಯಿ ಆರನೆಯವನು, ಮಾರ್ಸಿಯಾನೋ ಹತ್ತನೆಯವನು! ಫ್ಲೈಷರ್ ಹುಟ್ಟಿದ್ದು 1887ರಲ್ಲಿ. ಮೊದಲ ಐವರಲ್ಲಿ ನಾಲ್ವರು ಅವನ ಬಾಲ್ಯ ಯೌವನಗಳ ಜಗಜ್ಜಟ್ಟಿಗಳು. ಅವನಿಗೆ ಮೈಬಣ್ಣ ಅಡ್ಡ ಬಂದಿರಲಿಲ್ಲ, ತನ್ನ ಹದಿಹರೆಯ ಅಡ್ಡ ಬಂದಿತ್ತು. ವೊರೋನರನ 250 ಮಂದಿಗೂ ಬಹುಮಟ್ಟಿಗೆ ಅದೇ ಆಗಿರಬೇಕು. ನಮ್ಮ ಸಂಘದ ಭಾನುವಾರದ ಹರಟೆಯಲ್ಲಿ ಪಂಪ ದೊಡ್ಡವನೋ ಕುಮಾರವ್ಯಾಸ ದೊಡ್ಡವನೋ ಎಂಬ ಮಾತೆದ್ದರೆ, ಯಾರು ಯಾರನ್ನು ಯಾವ ಮೇಷ್ಟರ ಕೈಯಲ್ಲಿ ಪಾಠ ಹೇಳಿಸಿಕೊಂಡರೆಂಬುದರ ಮೇಲೆ ಪಕ್ಷ ಏರ್ಪಡುವುದನ್ನು ನಾವು ನೋಡಿಯೇ ಇದ್ದೇವಲ್ಲ.

ಆದರೂ ವರ್ಣದ ಪ್ರಶ್ನೆಯನ್ನು ಪಕ್ಕಕ್ಕೆ ಸರಿಸುವಂತಿಲ್ಲ. ಅದಕ್ಕೆ ಕಾರಣ ಜೆಫ್ರೀಸನೇ. ಈ ಬಗೆಯ ಕಾಲ್ಪನಿಕ ಪಂದ್ಯವೊಂದು ನಿಜವಾಗಿಯೇ ನಡೆದದ್ದುಂಟು. ಸೋಲನ್ನೇ ಕಾಣದೆ 1905ರಲ್ಲಿ ನಿವೃತ್ತನಾಗಿ ಹೊಲ ನೋಡಿಕೊಂಡು ದಪ್ಪಗಾಗಿದ್ದ ಜೆಫ್ರೀಸನನ್ನು, ಕರಿಯ ಜಾನ್ಸನ್ ಪಟ್ಟಕ್ಕೇರಿದ್ದನ್ನು ಸಹಿಸಲಾರದ ಬಿಳಿಯರು ಪತ್ರಿಕೆಗಳಲ್ಲಿ ಕೂಗಿ ಕೂಗಿ ಎಬ್ಬಿಸಿದರು. ಹಿಂದಿನ ಜೆಫ್ರೀಸ್ ಈಗಿನ ಜಾನ್ಸನನನ್ನು ಮುಗಿಸಿಬಿಡುತ್ತಾನೆ ಎಂಬುದು ಅಂದಿನ ಲೆಕ್ಕಾಚಾರ. 1910ರ ಜುಲೈ 4ರಂದು ರೀನೋ ಪಟ್ಟಣದ ಬಿಸಿಲಿನಲ್ಲಿ ಪಂದ್ಯ ನಡೆಯಿತು. ಜೆಫ್ರೀಸ್ ಅಪಾರವಾಗಿ ಮೈ ಇಳಿಸಿಕೊಂಡು ಬಂದಿದ್ದ, ಮುಂದೆ ಮಾರ್ಸಿಯಾನೋ ಇಳಿಸಿಕೊಂಡು ಬಂದಂತೆಯೇ. ಹದಿನೈದನೆಯ ಸುತ್ತಿನಲ್ಲಿ ಜಾನ್ಸನ್ ಅವನನ್ನು ಮತ್ತೆ ಮತ್ತೆ ಕೆಡವಿ ಮುಗಿಸಿದ. ಆ ರಾತ್ರಿ ಅಮೆರಿಕದ ಹಲವು ಊರುಗಳಲ್ಲಿ ಕರಿಯರ ಮೇಲೆ ಹಲ್ಲೆಗಳಾದವು, ಹೆಣಗಳು ಬಿದ್ದವು. ಆ ಪಂದ್ಯದ ಚಲಚ್ಚಿತ್ರವನ್ನು ಊರೂರುಗಳಲ್ಲಿ ನಿಷೇಧಿಸಿದರು. 1912ರಲ್ಲಿ ಮುಷ್ಟಿಯುದ್ಧದ ಚಿತ್ರಗಳನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸಕೂಡದೆಂದು ಕಾನೂನೇ ಬಂದಿತು. ಅದು ರದ್ದಾದದ್ದು 1940ರಲ್ಲಿ.

ಕರಿಯನು ಬಿಳಿಯನನ್ನು ಗೆದ್ದ ನಿಜವಾದ ಚಿತ್ರವನ್ನು ತೋರಿಸಲು ಬಿಡದ ದೇಶದಲ್ಲಿ, ಅರವತ್ತು ವರ್ಷಗಳ ಬಳಿಕ, ಬಿಳಿಯನು ಕರಿಯನನ್ನು ಗೆದ್ದ ಸುಳ್ಳು ಚಿತ್ರ ಸಾವಿರದ ಐನೂರು ಮಂದಿರಗಳಲ್ಲಿ ಓಡಿತು. ನಡುವೆ ಕಾಲ ಬಹಳ ಬದಲಾಗಿತ್ತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯವೆಂದು ಕೆಲವರು ಹೇಳಬಹುದು. ಆದರೆ ರೀನೋದಲ್ಲಿ ಸೋತ ಅದೇ ಜೆಫ್ರೀಸನನ್ನು ಬಾನುಲಿಯಲ್ಲಿ ಎಬ್ಬಿಸಿ, ಪಟ್ಟ ಕಳೆದುಕೊಂಡಿದ್ದ ಅಲಿಯ ಮೇಲೆ ಬಿಟ್ಟು ಗೆಲ್ಲಿಸಿದಾಗ, ಅಲಿಗೆ ಅದು ಆಟವಾಗಿ ಕಾಣದಿದ್ದರೆ ಆಶ್ಚರ್ಯವೇನು?

ಇಂಥ ಹೋಲಿಕೆಗಳಲ್ಲಿ ಇನ್ನೂ ಎರಡು ಗಂಟುಗಳಿವೆ. ಮೊದಲನೆಯದು, ಯಾವ ಅಲಿ? ನಮ್ಮವರಲ್ಲಿ ಹಲವರು ಅಲಿಯನ್ನು ಕಣ್ಣಾರೆ ಕಂಡದ್ದು 1980ರ ಜನವರಿಯಲ್ಲಿ, ಅವನು ಭಾರತಕ್ಕೆ ಬಂದಾಗ. ದೆಹಲಿಯಲ್ಲಿ ಅವನೊಡನೆ ನಾಲ್ಕು ಸುತ್ತಿನ ಪ್ರದರ್ಶನ ಪಂದ್ಯ ಆಡಿದವರು ನಮ್ಮ ಸೇನೆಯ ಕೌರ್ ಸಿಂಗ್. 1982ರ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದವರು ಅವರು. ಮೂವತ್ತೆಂಟರ ಅಂದಿನ ಅಲಿಗೂ 1966ರಲ್ಲಿ ಕ್ಲೀವ್‌ಲ್ಯಾಂಡ್ ವಿಲಿಯಮ್ಸನನ್ನು ಮೂರೇ ಸುತ್ತಿನಲ್ಲಿ ಮುಗಿಸಿದ ಅಲಿಗೂ ಹೆಸರೊಂದೇ ಸಮಾನ. ಅದೇ 1980ರ ಅಕ್ಟೋಬರಿನಲ್ಲಿ ಲ್ಯಾರಿ ಹೋಮ್ಸ್ ಎದುರು ಅವನು ನಿಂತಲ್ಲೇ ನಿಂತು ಹೊಡೆಸಿಕೊಂಡುದನ್ನು ನೆನೆಯಲೂ ಬೇಸರವಾಗುತ್ತದೆ. ಮಾರ್ಸಿಯಾನೋ ಕೂಡ ಇಂಥದೊಂದು ಪಾಪಕ್ಕೆ ಕೈ ಹಾಕಿದವನೇ. 1951ರ ಅಕ್ಟೋಬರ್ 26ರಂದು ಮೂವತ್ತೇಳರ ಜೋ ಲೂಯಿಯನ್ನು ಎಂಟನೆಯ ಸುತ್ತಿನಲ್ಲಿ ಹಗ್ಗದಾಚೆ ಬೀಳುವಂತೆ ಹೊಡೆದು, ಆಮೇಲೆ ಅವನ ಕೋಣೆಗೆ ಹೋಗಿ ಅತ್ತನೆಂದು ಪ್ರತೀತಿ. ಎರಡು ಪೀಳಿಗೆಗಳು ನಿಜವಾಗಿ ಎದುರಾದಾಗ ಹೆಚ್ಚಾಗಿ ನಡೆಯುವುದು ಹೀಗೆ. ಇದರಿಂದ ಯಾರು ದೊಡ್ಡವರೆಂದು ಏನೂ ತಿಳಿಯುವುದಿಲ್ಲ.

ಎರಡನೆಯ ಗಂಟು, ಯಾರ ನಿಯಮ? ಜಾನ್ಸನ್ ಮತ್ತು ಜೆಫ್ರೀಸ್ ಆಡಿದ್ದು 45 ಸುತ್ತುಗಳಿಗೆ ಗೊತ್ತುಮಾಡಿದ ಪಂದ್ಯ. ಮಾರ್ಸಿಯಾನೋ, ಅಲಿ ಇವರ ಕಾಲಕ್ಕೆ ಅದು ಹದಿನೈದಾಗಿತ್ತು. 1982ರ ನವೆಂಬರಿನಲ್ಲಿ ಕೊರಿಯದ ಕಿಮ್ ಡುಕ್-ಕೂ ಹದಿನಾಲ್ಕನೆಯ ಸುತ್ತಿನಲ್ಲಿ ಬಿದ್ದು, ಕೆಲವು ದಿನಗಳಲ್ಲಿ ತೀರಿಕೊಂಡ ಮೇಲೆ ಪಟ್ಟದ ಪಂದ್ಯಗಳು ಕ್ರಮೇಣ ಹನ್ನೆರಡು ಸುತ್ತಿಗೆ ಇಳಿದವು. ಎಂದರೆ ಇಂದು ಹದಿಮೂರನೆಯ ಸುತ್ತೇ ಇಲ್ಲ. ಇಂದಿನ ನಿಯಮದಲ್ಲಿ ಫಿಲಡೆಲ್ಫಿಯಾದ ಆ ರಾತ್ರಿ ವಾಲ್ಕಾಟ್ ಪಾಯಿಂಟುಗಳ ಮೇಲೆ ಗೆದ್ದು ಮನೆಗೆ ಹೋಗುತ್ತಿದ್ದ. ಮಾರ್ಸಿಯಾನೋನ ನಲವತ್ತೊಂಬತ್ತಕ್ಕೆ ನಲವತ್ತೊಂಬತ್ತು ಎಂಬ ದಾಖಲೆ ಅಲ್ಲಿಗೇ ಮುರಿಯುತ್ತಿತ್ತು. ಶ್ರೇಷ್ಠತೆಯೆಂದು ನಾವು ಕರೆಯುವುದರಲ್ಲಿ ಎಷ್ಟು ಭಾಗ ಗಡಿಯಾರದ್ದು!

ಹೀಗೆಂದು ಈ ಪ್ರಶ್ನೆಯನ್ನೇ ಕೇಳಬಾರದೆಂಬ ಮಡಿವಂತಿಕೆ ನಮಗಿಲ್ಲ. ಕೇಳುವ ಕ್ರಮ ಬೇರೆ ಇರಬೇಕು. ಕೈಯಲ್ಲಿರುವ ನಿಜವಾದ ಪಂದ್ಯಗಳನ್ನು ಮುಂದಿಟ್ಟುಕೊಂಡು, ಇಂಥ ಶೈಲಿಯವನಿಗೆ ಇಂಥ ಶೈಲಿಯವನು ಸಿಕ್ಕಾಗ ಏನಾಯಿತೆಂದು ನೋಡಬೇಕು. ಇಬ್ಬರೊಡನೆಯೂ ಆಡಿದ ಆರ್ಚಿ ಮೂರ್ ಇಲ್ಲಿ ನೆರವಿಗೆ ಬರುವುದಿಲ್ಲ. 1955ರಲ್ಲಿ ಮಾರ್ಸಿಯಾನೋನನ್ನು ಎರಡನೆಯ ಸುತ್ತಿನಲ್ಲಿ ಕೆಡವಿ ಒಂಬತ್ತನೆಯದರಲ್ಲಿ ಸೋತ ಮೂರ್, 1962ರಲ್ಲಿ ಅಲಿಯೆದುರು ನಿಂತಾಗ ಮುದುಕನಾಗಿದ್ದ. ನೆರವಾಗುವವರು ಇಬ್ಬರು: ಜೋ ಫ್ರೇಜಿಯರ್ ಮತ್ತು ಹೆನ್ರಿ ಕೂಪರ್.

ಮಾರ್ಸಿಯಾನೋನನ್ನು ಹೋಲುವವನು ಅಲಿಗೆ ಸಿಕ್ಕಿದ್ದರೆ ಅವನು ಫ್ರೇಜಿಯರ್. ಕುಳ್ಳು, ಬಗ್ಗಿ ಬಗ್ಗಿ ಒಳನುಗ್ಗುವವನು, ಹತ್ತು ತಿಂದು ಒಂದು ಕೊಡುವವನು. 1971ರ ಮಾರ್ಚ್ 8ರಂದು ಅವನು ಹದಿನೈದು ಸುತ್ತು ಆಡಿ ಅಲಿಯನ್ನು ಸೋಲಿಸಿಯೂ ಬಿಟ್ಟ. ಮಾರ್ಸಿಯಾನೋ ಪಕ್ಷದವರು ಇದನ್ನು ದೊಡ್ಡ ಸಾಕ್ಷಿಯಾಗಿ ಹಿಡಿಯುತ್ತಾರೆ. ಆದರೆ ಅದು ಮೂರೂವರೆ ವರ್ಷ ರಿಂಗಿನಿಂದ ಹೊರಗಿದ್ದು, ಮರಳಿ ಎರಡೇ ಪಂದ್ಯ ಆಡಿದ್ದ ಅಲಿ. ಜತೆಗೆ ಫ್ರೇಜಿಯರ್ ಆ ರಾತ್ರಿ ತೂಗಿದ್ದು 205 ಪೌಂಡಿಗೂ ಹೆಚ್ಚು. ವಾಲ್ಕಾಟನನ್ನು ಕೆಡವಿದ ಮಾರ್ಸಿಯಾನೋ 184. ಅಲಿಗಿಂತ ನಾಲ್ಕೂವರೆ ಅಂಗುಲ ಗಿಡ್ಡ. ತೋಳಿನ ನಿಲುಕಿನಲ್ಲಿ ಅಂತರ ಹತ್ತು ಅಂಗುಲದಷ್ಟು. ಹಗ್ಗ ಸುತ್ತುತ್ತ ಓಡಾಡುವ 1966ರ ಅಲಿಯ ಎದೆಯೊಳಕ್ಕೆ ತಲುಪಲು ಅವನು ಪ್ರತಿ ಸಲವೂ ಐದಾರು ಜ್ಯಾಬ್‌ಗಳನ್ನು ಮುಖದ ಮೇಲೆ ತೆತ್ತೇ ಹೋಗಬೇಕಾಗುತ್ತಿತ್ತು.

ಆ ಮುಖವೋ ಸುಲಭವಾಗಿ ಹರಿಯುವ ಮುಖ. 1954ರ ಸೆಪ್ಟೆಂಬರಿನಲ್ಲಿ ಎಝರ್ಡ್ ಚಾರ್ಲ್ಸ್ ಜತೆಗಿನ ಎರಡನೆಯ ಪಂದ್ಯದಲ್ಲಿ ಮೂಗಿನ ತುದಿಯೇ ಸೀಳಿಹೋಗಿ, ಪಂದ್ಯ ನಿಲ್ಲಿಸುವ ಮುನ್ನ ಹೊಡೆದು ಮುಗಿಸಲೇಬೇಕಾದ ಸ್ಥಿತಿ ಬಂದು, ಎಂಟನೆಯ ಸುತ್ತಿನಲ್ಲಿ ಹೇಗೋ ಮುಗಿಸಿದ. ಇಂಗ್ಲೆಂಡಿನ ಕೂಪರನ ಮುಖವೂ ಅಂಥದೇ. 1963ರಲ್ಲಿ ಅವನ ಎಡಗೈ ಹುಕ್ ಅಲಿಯನ್ನು ನೆಲಕ್ಕೆ ಉರುಳಿಸಿತು. ಮರುಸುತ್ತಿನಲ್ಲೇ ಅವನ ಹುಬ್ಬು ಹರಿದು ರಕ್ತ ಹರಿದು ಪಂದ್ಯ ನಿಂತಿತು. 1966ರಲ್ಲಿ ಮತ್ತೆ ಆಡಿದಾಗಲೂ ಅದೇ ಗಾಯ, ಅದೇ ಮುಕ್ತಾಯ. ಅಲಿಯ ಪೆಟ್ಟು ಮೂಳೆ ಮುರಿಯುವಂಥದಲ್ಲ, ಚರ್ಮ ಕೊಯ್ಯುವಂಥದು. ಆಗಿನ ಅಲಿಗೆ ಆಗಿನ ಮಾರ್ಸಿಯಾನೋ ಸಿಕ್ಕಿದ್ದರೆ, ಒಂಬತ್ತು ಹತ್ತನೆಯ ಸುತ್ತಿನ ಹೊತ್ತಿಗೆ ರೆಫರಿ ಕೈ ಅಡ್ಡ ಹಾಕುತ್ತಿದ್ದನೆಂದೇ ನಮ್ಮ ಅಭಿಪ್ರಾಯ. ಮಯಾಮಿಯಲ್ಲಿ ತೆಗೆದಿಟ್ಟ ಮುಕ್ತಾಯಗಳಲ್ಲಿ ಗಾಯದಿಂದ ಪಂದ್ಯ ನಿಲ್ಲುವುದೂ ಒಂದಿತ್ತಲ್ಲ. ಆ ರೀಲನ್ನೇ ನಾವು ಆರಿಸುತ್ತಿದ್ದೆವು.

ನಮ್ಮದೂ ಒಂದು ಪೀಳಿಗೆಯ ತೀರ್ಪು ಎಂದು ವಾಚಕರು ಹೇಳಿದರೆ ಅಲ್ಲವೆನ್ನಲಾರೆವು. ರೇಡಿಯೋದಲ್ಲಿ, ಮಾರನೆಯ ದಿನದ ಪತ್ರಿಕೆಗಳಲ್ಲಿ ಅಲಿಯ ಸುದ್ದಿಗಾಗಿ ಕಾದವರು ನಾವು. ಮಾರ್ಸಿಯಾನೋ ಪಕ್ಷಕ್ಕೆ ಇಷ್ಟನ್ನು ಮಾತ್ರ ಬಿಟ್ಟುಕೊಡುತ್ತೇವೆ. ಪಂದ್ಯ ಹದಿನೈದು ಸುತ್ತಿನದಾಗಿ, ರೆಫರಿ 1954ರಷ್ಟೇ ಸೈರಣೆಯವನಾಗಿ, ಹರಿದ ಮುಖದೊಂದಿಗೆ ಅವನು ಹನ್ನೆರಡು ದಾಟಿದ್ದರೆ, ಅಲಿ ಒಮ್ಮೆಯಾದರೂ ಹಗ್ಗಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಿದ್ದ. ವಾಲ್ಕಾಟ್ ನಿಂತದ್ದೂ ಅಲ್ಲಿಯೇ.